ಒಂದೇ ಕೈಯಲ್ಲಿ ಶರ್ಟ್ ಹಾಕಿಕೊಳ್ಳುವುದು ಹೇಗೆ?

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮನೆಯವರು ಶರ್ಟ್ ತೊಡಿಸುವುದನ್ನು ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಹೆಚ್ಚಿನವರು ಮಾಡುವುದು ಒಂದೇ ತಪ್ಪು. ಚೆನ್ನಾಗಿರುವ ಕೈಯನ್ನು ಮೊದಲು ತೂರಿಸಿಬಿಡುತ್ತಾರೆ. ಆಮೇಲೆ ಸ್ವಾಧೀನ ಇಲ್ಲದ ಕೈಯನ್ನು ಹಿಂದಕ್ಕೆ ತಿರುಚಿ ಎಳೆಯುತ್ತಾರೆ. ಲಕ್ವ ಹೊಡೆದವರು ನೋವಿಗೆ ಕೂಗಿದರೆ ‘ಆಗೋಯ್ತು, ಒಂಚೂರು ತಡ್ಕೊಳ್ಳಪ್ಪ’ ಅಂತಾರೆ. ಆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸೋತಿರುತ್ತವೆ, ಎಳೆದರೆ ಕೀಲು ಜಾರಬಹುದು. ಒಮ್ಮೆ ಭುಜನೋವು ಹತ್ತಿಕೊಂಡರೆ ತಿಂಗಳುಗಟ್ಟಲೆ ಬಿಡುವುದಿಲ್ಲ, ಆ ನೋವಿನಲ್ಲಿ ಯಾವ ವ್ಯಾಯಾಮವೂ ಮುಂದಕ್ಕೆ ಹೋಗುವುದಿಲ್ಲ.

ಶರ್ಟನ್ನು ಸರಿಯಾಗಿ ಹಾಕಿಕೊಳ್ಳುವುದನ್ನು ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು. ನಾನು ಮಾಡುವುದೂ ಅದೇ ಕೆಲಸ. ‘ಫಿಸಿಯೋಥೆರಪಿನೇ ಅಲ್ವಾ ಮೇಡಂ?’ ಅಂತ ಎಲ್ಲರೂ ಕೇಳುತ್ತಾರೆ. ಫಿಸಿಯೋದವರು ಮುಖ್ಯವಾಗಿ ಬಲ, ಚಲನೆ, ನಡಿಗೆ ನೋಡುತ್ತಾರೆ. ನಾವು ಕೇಳುವುದು ಸ್ನಾನ ಹೇಗೆ ಮಾಡ್ತೀರಿ, ಮುದ್ದೆ ಯಾವ ಕೈಯಲ್ಲಿ ಮುರೀತೀರಿ, ಮುಂಚೆ ಗದ್ದೆಗೆ ಹೋಗ್ತಿದ್ರಾ, ಅಂಗಡಿ ನಡೆಸ್ತಿದ್ರಾ ಅಂತ. ದಿನದ ಕೆಲಸವೇ ನಮ್ಮಲ್ಲಿ ಚಿಕಿತ್ಸೆ. ಹಾಗಾಗಿ ಶರ್ಟ್‌ನಿಂದ ಶುರುಮಾಡೋಣ.

ಶರ್ಟ್ ಆರಿಸುವುದು ಸುಲಭ. ಅರ್ಧ ತೋಳಿನದು, ಒಂದು ಅಳತೆ ದೊಡ್ಡದು, ಮುಂದೆ ಗುಂಡಿ ಇರುವುದು. ಗಂಜಿ ಹಾಕಿ ಗರಿಗರಿ ಇಸ್ತ್ರಿ ಮಾಡಿದ ಖಾದಿ ಶರ್ಟು ಸದ್ಯಕ್ಕೆ ಬೀರುವಿನಲ್ಲೇ ಇರಲಿ. ಟೀ ಶರ್ಟ್ ಬೇಡವೇ ಬೇಡ.

ಕೂರುವುದಕ್ಕೆ ಮರದ ಕುರ್ಚಿ, ಕೈ ಇರುವಂಥದ್ದು. ಪಾದ ಎರಡೂ ಪೂರ್ತಿ ನೆಲಕ್ಕೆ ತಾಗಬೇಕು. ಮಂಚದ ಅಂಚಿನಲ್ಲಿ ಕೂರಿಸಿದರೆ ಹಾಸಿಗೆ ತಗ್ಗಿ ಪಕ್ಕಕ್ಕೆ ವಾಲುತ್ತಾರೆ, ಪ್ಲಾಸ್ಟಿಕ್ ಕುರ್ಚಿ ಕಾಲು ಅಗಲಿಸಿಕೊಂಡು ಜಾರುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಶರ್ಟನ್ನು ತೊಡೆಯ ಮೇಲೆ ಹರಡಿ. ಒಳಮೈ ಮೇಲಕ್ಕೆ, ಕಾಲರ್ ಹೊಟ್ಟೆಯ ಕಡೆಗೆ, ಅಂಚು ಮಂಡಿಯ ಕಡೆಗೆ. ಸ್ವಾಧೀನ ಇಲ್ಲದ ಕಡೆಯ ಶರ್ಟಿನ ತೋಳು ಎರಡು ಮಂಡಿಗಳ ನಡುವೆ ಜೋತುಬೀಳಲಿ, ಅದರ ಬಾಯಿ ಅಗಲವಾಗಿ ತೆರೆದಿರಲಿ. ಇನ್ನು ಅವರೇ ನಿಧಾನವಾಗಿ ಮುಂದಕ್ಕೆ ಬಾಗಬೇಕು, ಬಾಗಿ ಚೆನ್ನಾಗಿರುವ ಕೈಯಿಂದ ಇನ್ನೊಂದು ಕೈಯನ್ನು ಎತ್ತಿ ಆ ತೋಳಿನೊಳಗೆ ಇಳಿಬಿಡಬೇಕು. ಕೈ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ, ಯಾರೂ ಎಳೆಯಬೇಕಾಗಿಲ್ಲ. ನೀವು ಎದುರಿಗೆ ನಿಂತಿರಿ, ಮುಗ್ಗರಿಸದಂತೆ ನೋಡಿಕೊಳ್ಳಲು ಅಷ್ಟೇ. ಬೆರಳು ಬಿಗಿಯಾಗಿ ಮಡಚಿಕೊಂಡಿದ್ದರೆ ಹೆಬ್ಬೆರಳು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಆಗ ನೀವು ಶರ್ಟಿನ ತೋಳಿನ ಆ ತುದಿಯಿಂದ ಕೈ ತೂರಿಸಿ, ಅವರ ಅಂಗೈಯನ್ನು ಮೆತ್ತಗೆ ಹಿಡಿದು ದಾರಿ ತೋರಿಸಿ. ಬೆರಳ ತುದಿ ಹಿಡಿದು ಜಗ್ಗಬೇಡಿ.

ಕೈ ಹೊರಗೆ ಬಂತು ಅಂತ ಅಲ್ಲಿಗೇ ಬಿಡಬಾರದು. ಬಟ್ಟೆ ಮೊಣಕೈ ದಾಟಿ, ಭುಜದ ಮೇಲೆ ಪೂರ್ತಿ ಕೂರಬೇಕು. ಮೊಣಕೈಯಲ್ಲೇ ನಿಂತರೆ ಮುಂದಿನದ್ದು ಯಾವುದೂ ಆಗಲ್ಲ, ಎಲ್ಲರೂ ಬೇಜಾರಾಗಿ ಮತ್ತೆ ಎಳೆಯಲು ಶುರುಮಾಡುತ್ತಾರೆ.

ಆಮೇಲೆ ಚೆನ್ನಾಗಿರುವ ಕೈಯಿಂದ ಕಾಲರ್ ಹಿಡಿದು ಕತ್ತಿನ ಹಿಂದಿನಿಂದ ಈಚೆ ತಂದು, ಆ ಕೈ ತೂರಿಸಿಕೊಳ್ಳುವುದು. ಗುಂಡಿ ಕೆಳಗಿನಿಂದ ಮೇಲಕ್ಕೆ ಹಾಕಬೇಕು. ಕೆಳಗಿನ ಗುಂಡಿ, ಕಾಜ ಎರಡೂ ಕಣ್ಣಿಗೆ ಕಾಣುತ್ತವೆ, ಅಂಚು ಮೇಲೆಕೆಳಗೆ ಆಗುವುದಿಲ್ಲ. ತೆಗೆಯುವಾಗ ಉಲ್ಟಾ: ಚೆನ್ನಾಗಿರುವ ಕೈ ಮೊದಲು ಹೊರಗೆ.

ಗುಂಡಿ ಆಗುವುದೇ ಇಲ್ಲ ಅನ್ನುವವರು ಪರಿಚಯದ ಟೈಲರ್ ಹತ್ತಿರ ಕಾಜ ಮುಚ್ಚಿಸಿ, ಗುಂಡಿಯನ್ನು ಅದರ ಮೇಲೇ ಹೊಲಿಸಿ, ಒಳಗೆ ವೆಲ್ಕ್ರೋ ಹಾಕಿಸಿ. ನೋಡುವವರಿಗೆ ಮಾಮೂಲಿ ಶರ್ಟು. ಅಗ್ಗದ ವೆಲ್ಕ್ರೋ ಬೇಡ, ನೂಲು ಸಿಕ್ಕಿಕೊಂಡು ಅಂಟುವುದನ್ನೇ ನಿಲ್ಲಿಸುತ್ತದೆ. ಒಗೆಯುವಾಗ ಅಂಟಿಸಿಯೇ ಒಗೆಯಿರಿ.

ಎಡಗಡೆ ಲಕ್ವ ಹೊಡೆದ ಕೆಲವರಿಗೆ ಎಡಗಡೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. ಕಣ್ಣು ಚೆನ್ನಾಗಿದ್ದರೂ ತಟ್ಟೆಯ ಎಡ ಅರ್ಧದ ಅನ್ನ ಹಾಗೇ ಉಳಿಯುತ್ತದೆ, ಎಡಗೆನ್ನೆ ಶೇವ್ ಆಗಿರುವುದಿಲ್ಲ, ಎಡತೋಳು ಹಾಕಿಕೊಳ್ಳದೆಯೇ ‘ಆಯ್ತು’ ಅಂತಾರೆ. ಇದು ಸೋಮಾರಿತನವಲ್ಲ, ಮೊಂಡುತನವೂ ಅಲ್ಲ. ಮೆದುಳಿಗೆ ಆಗಿರುವ ಪೆಟ್ಟು. ಬೈಯಬೇಡಿ. ಶರ್ಟನ್ನು ಎಡಗಡೆ ಇಡಿ, ಎಡಗಡೆ ನಿಂತು ಮಾತಾಡಿ, ಆ ಕೈಯನ್ನು ಅವರೇ ಮುಟ್ಟಿ ನೋಡಿಕೊಂಡು ಶುರುಮಾಡಲಿ.

ಮೊದಮೊದಲು ಇದೆಲ್ಲ ತುಂಬಾ ಹೊತ್ತು ಹಿಡಿಯುತ್ತದೆ. ಸೊಸೆಗೆ ಅಡುಗೆಮನೆ ಕೆಲಸ, ಮಗನಿಗೆ ಬಸ್ಸಿಗೆ ಹೊತ್ತಾಗಿರುತ್ತದೆ. ‘ಬಿಡಪ್ಪ, ನಾನೇ ಹಾಕ್ತೀನಿ’ ಅನ್ನುವುದು ಅಲ್ಲೇ. ಬೆಳಗ್ಗೆ ಆಗದಿದ್ದರೆ ಸಂಜೆ ಬಟ್ಟೆ ಬದಲಿಸುವಾಗ ಅಭ್ಯಾಸ ಮಾಡಿಸಿ. ಅದೂ ಆಗದಿದ್ದರೆ ಗುಂಡಿಯನ್ನಾದರೂ ಅವರಿಗೇ ಬಿಡಿ.

ಮೆಡಿಕಲ್ ಶಾಪಿನಲ್ಲಿ ಸಿಗುವ ಹಿಂಡುವ ಚೆಂಡನ್ನು ಎಲ್ಲರೂ ತರುತ್ತಾರೆ. ಬೆರಳು ಆಗಲೇ ಬಿಗಿದಿರುವ ಕೈಗೆ ಅದನ್ನು ಕೊಡಬೇಡಿ. ಅಲ್ಲಿ ಕಷ್ಟ ಇರುವುದು ಬೆರಳು ಬಿಡಿಸುವುದರಲ್ಲಿ, ಮುಚ್ಚುವುದರಲ್ಲಲ್ಲ. ಇನ್ನೊಂದು, ಬಾಗಿಲಿಗೆ ರಾಟೆ ಕಟ್ಟಿ ಹಗ್ಗದಿಂದ ಕೈಯನ್ನು ತಲೆ ಮೇಲಕ್ಕೆ ಎಳೆಯುವುದು. ಸೋತ ಭುಜಕ್ಕೆ ಅದು ನೋವು ತಂದಿಡುತ್ತದೆ, ತೆಗೆದುಬಿಡಿ.

ಯಾರನ್ನು ಕಾಣಬೇಕು? ಆಕ್ಯುಪೇಷನಲ್ ಥೆರಪಿ ಓದಿದವರನ್ನು. ನಮ್ಮ ದೇಶದಲ್ಲಿ ಈ ಓದು ಶುರುವಾಗಿದ್ದು 1950ರಲ್ಲಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ. ಶುರುಮಾಡಿದವರು ಕಮಲಾ ನಿಂಬಕರ್. ಪಿಯುಸಿ ಸೈನ್ಸ್ ಆದಮೇಲೆ ಬಿಓಟಿ (ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ) ಪದವಿ, ಅದರೊಳಗೆ ಅಂಗರಚನೆಯಿಂದ ಮನಃಶಾಸ್ತ್ರದವರೆಗೆ ಪಾಠ, ಕೊನೆಗೆ ಇಂಟರ್ನ್‌ಷಿಪ್. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿದೆ. ಮಕ್ಕಳು ಏನು ಓದಬೇಕು ಅಂತ ಕೇಳುವವರಿಗೆ ನಾನು ಇದನ್ನೂ ಹೇಳುತ್ತೇನೆ, ಯಾಕೆಂದರೆ ಕೆಲಸ ಬರೀ ಲಕ್ವಕ್ಕೆ ನಿಲ್ಲುವುದಿಲ್ಲ. ಆಟಿಸಂ ಇರುವ ಮಕ್ಕಳು, ಮೆಷಿನ್ನಿಗೆ ಸಿಕ್ಕಿ ಬೆರಳು ಕಳೆದುಕೊಂಡವರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡು ಕೆಲಸಕ್ಕೆ ಮರಳಬೇಕಾದವರು, ಎಲ್ಲರಿಗೂ ಬೇಕು. ಸರ್ಟಿಫಿಕೇಟ್ ಕೋರ್ಸ್ ಮಾಡಿಕೊಂಡು ಬೋರ್ಡ್ ಹಾಕಿದವರೂ ಇದ್ದಾರೆ. ಆರೋಗ್ಯ ಕ್ಷೇತ್ರದ ಇಂಥ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರದ ಕಾಯ್ದೆ ಈ ವೃತ್ತಿಯನ್ನೂ ಒಳಗೊಂಡಿದೆ, ಹಾಗಾಗಿ ಯಾವ ಪದವಿ ಅಂತ ಸಂಕೋಚ ಇಲ್ಲದೆ ಕೇಳಿ. ಮೊದಲ ಸಲ ಹೋಗುವಾಗ ಸ್ಕ್ಯಾನಿಂಗ್ ರಿಪೋರ್ಟಿನ ಜೊತೆ ಅವರು ದಿನಾ ಹಾಕುವ ಶರ್ಟು, ಪಂಚೆ, ಚಪ್ಪಲಿಯನ್ನೂ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ.