ಸರಾಸರಿ ಬಿಟ್ಟ ಮೇಲೆ ಕಾಲ್ ಸರಿಹೋಯ್ತು: ಜಿಟರ್ ಬಫರ್ ಬರೆದ ನನ್ನ ಅನುಭವ

ಇಂಟರ್ನೆಟ್ ಕಾಲ್‌ನಲ್ಲಿ ಮಾತು ಪ್ಯಾಕೆಟ್ ಎಂಬ ತುಣುಕುಗಳಾಗಿ, ಹೆಚ್ಚುಕಮ್ಮಿ ಅಂತರದಲ್ಲಿ (ಇದೇ ಜಿಟರ್) ಬರುತ್ತೆ. ಅವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಸಮನಾಗಿ ಕೇಳಿಸೋದೇ ಜಿಟರ್ ಬಫರ್. ಆ ಹೊತ್ತನ್ನು ಒಂದೇ ಸಮ (ಫಿಕ್ಸೆಡ್) ಇಡಬಹುದು, ಇಲ್ಲವೇ ನೆಟ್‌ವರ್ಕ್ ನೋಡಿ ಬದಲಾಯಿಸಬಹುದು (ಅಡಾಪ್ಟಿವ್). "ಫಿಕ್ಸೆಡ್ 200 ಇಟ್ಟು ಸುಮ್ನಿರು ಗುರು, ಅಡಾಪ್ಟಿವ್ ಎಲ್ಲ ನಮ್ಮ ಕೈಲಾಗಲ್ಲ" ಅಂತ ಟೀಮಿನಲ್ಲೇ ಹೇಳಿದ್ದರು. ಈಗ ಹುಬ್ಬಳ್ಳಿ ಗೋದಾಮಿನ ಹುಡುಗರು 4ಜಿ ಮೇಲೆ ಬೆಂಗಳೂರಿಗೆ ದಿನವಿಡೀ ಮಾತಾಡ್ತಾರೆ, ಬಫರ್ ಹೆಚ್ಚಿನ ಹೊತ್ತು 60-80 ಮಿಲಿಸೆಕೆಂಡಿನಲ್ಲೇ ಇರುತ್ತೆ.

200 ಮಿಲಿಸೆಕೆಂಡ್ ಇಟ್ಟೂ ನೋಡಿದ್ವಿ. ಮಾತು ತುಂಡಾಗೋದು ನಿಂತಿತು, ಆದರೆ ನೆಟ್‌ವರ್ಕ್ ಸೇರಿ ಒಂದು ದಿಕ್ಕಿಗೇ 250 ದಾಟಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಜಿ.114 ಶಿಫಾರಸಿನ ಪ್ರಕಾರ 150ರೊಳಗಿದ್ದರೆ ಚೆಂದ. ಅದು ಮೀರಿದ್ದಕ್ಕೆ ಇಬ್ಬರೂ ಒಟ್ಟಿಗೇ ಬಾಯಿ ತೆರೆಯೋದು, ಒಟ್ಟಿಗೇ ನಿಲ್ಲಿಸೋದು, "ನೀವ್ ಹೇಳ್ರಿ", "ಇಲ್ಲ ಸರ್, ನೀವೇ ಹೇಳಿ". ಲೀಸ್ಡ್ ಲೈನ್ (ನಮಗಷ್ಟೇ ಮೀಸಲಾದ ತಂತಿ ಸಂಪರ್ಕ) ಕೊಟೇಶನ್ ತಿಂಗಳಿಗೆ ಇಪ್ಪತ್ತು ಸಾವಿರದ ಮೇಲೆ ಬಂತು. ಫೋನ್ ಹಿಡಿದು ಲಾರಿ ಹತ್ತಿರ ಓಡಾಡುವವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಆರ್‌ಎಫ್‌ಸಿ 3550 ಎಂಬ ಇಂಟರ್ನೆಟ್ ಮಾನದಂಡದ ಜಿಟರ್ ಲೆಕ್ಕ (ಅಂತರದ ಏರುಪೇರಿನ ಒಂದು ಬಗೆಯ ಸರಾಸರಿ) ಹಿಡಿದು, ಅದರ ಮೂರು ಪಟ್ಟು ಬಫರ್ ಇಡೋ ದಾರಿಯೂ ಕೆಲಸಕ್ಕೆ ಬರಲಿಲ್ಲ. ವೈರ್‌ಶಾರ್ಕ್‌ನಲ್ಲಿ (ನೆಟ್‌ವರ್ಕ್ ಪ್ಯಾಕೆಟ್ ಹಿಡಿದು ತೋರಿಸುವ ಸಾಧನ) 20 ಮಿಲಿಸೆಕೆಂಡಿಗೊಂದು ಬರಬೇಕಾದ ಪ್ಯಾಕೆಟ್‌ಗಳ ಅಂತರ ನೋಡಿದಾಗ ಕಾರಣ ಸಿಕ್ಕಿತು: 20, 21, 19, ಇದ್ದಕ್ಕಿದ್ದಂತೆ 180, ಅದರ ಬೆನ್ನಿಗೆ 0, 1, 0, 0... 4ಜಿ ಪ್ಯಾಕೆಟ್ ತಡೆಹಿಡಿದು ಗೊಂಚಲಾಗಿ ಬಿಡುತ್ತೆ. 20ರ ಬದಲು 180, ಅಂದರೆ 160ರ ಪೆಟ್ಟು ಬಿದ್ದರೂ ಆ ಸೂತ್ರ ಹದಿನಾರನೇ ಒಂದು ಪಾಲು ಮಾತ್ರ ಸೇರಿಸುತ್ತೆ, ಅಂದರೆ ಏರಿದ್ದು ಹತ್ತೇ.

ಹಾಗಾಗಿ ಸರಾಸರಿ ಕೈಬಿಟ್ಟೆ. ಕೊನೆಯ ಸುಮಾರು 500 ಪ್ಯಾಕೆಟ್, ಅಂದರೆ ಹತ್ತು ಸೆಕೆಂಡಿನ ಮಾತು. ಅದರಲ್ಲಿ ಅತಿ ಬೇಗ ಬಂದದ್ದಕ್ಕಿಂತ ಉಳಿದವು ಎಷ್ಟು ತಡ ಅಂತ 20 ಮಿಲಿಸೆಕೆಂಡಿನ ಖಾನೆಗಳಲ್ಲಿ ಹಿಸ್ಟೋಗ್ರಾಮ್ (ಯಾವ ಖಾನೆಗೆ ಎಷ್ಟು ಅನ್ನೋ ಎಣಿಕೆ) ಹಾಕಿ, 95-97 ಪರ್ಸೆಂಟೈಲ್, ಅಂದರೆ ನೂರರಲ್ಲಿ 95-97 ಪ್ಯಾಕೆಟ್ ಬಂದು ಮುಟ್ಟುವಷ್ಟು ಹೊತ್ತನ್ನು, ಬಫರಿನ ಟಾರ್ಗೆಟ್ ಮಾಡಿದೆ. ಬಫರ್ ಏರೋದು ತಕ್ಷಣ, ಇಳಿಯೋದು ನಿಧಾನ. ಇಳಿಸೋದು ಮಾತಿನ ನಡುವಿನ ಮೌನದಲ್ಲಿ. ಮೌನ ಸಿಗದಿದ್ದರೆ ಸ್ವರದ ಒಂದು ಪಿಚ್ ಆವರ್ತ (ಮತ್ತೆ ಮತ್ತೆ ಬರುವ ಅಲೆಯ ಒಂದು ಸುತ್ತು) ಕಿತ್ತುಹಾಕಿ ಎರಡು ತುದಿ ಬೆಸೆದರೆ ಕಿವಿಗೆ ಗೊತ್ತೇ ಆಗಲ್ಲ. ಸ್ಪೈಕ್ (ಆ ದಿಢೀರ್ ತಡ) ಮುಗಿಯಿತು ಅಂತ ತೀರ್ಮಾನಿಸುವ ಸೂತ್ರ ಮಾತ್ರ ಇಲ್ಲಿ ಬರೆಯಲ್ಲ, ತಿಂಗಳುಗಟ್ಟಲೆ ಬೆವರು ಸುರಿಸಿ ಕಂಡುಕೊಂಡದ್ದು.

ಟೆಸ್ಟಿಂಗ್‌ಗೆ ಸೆಕೆಂಡ್ ಹ್ಯಾಂಡ್ ಫೋನುಗಳಿಗೆ ಮೂವತ್ತು ಸಾವಿರದ ಹತ್ತಿರ ಖರ್ಚಾಯಿತು. ನೆಟೆಮ್‌ನಲ್ಲಿ (ಕೆಟ್ಟ ನೆಟ್‌ವರ್ಕನ್ನು ಕೃತಕವಾಗಿ ಸೃಷ್ಟಿಸುವ ಲಿನಕ್ಸ್ ಸಾಧನ) ಬರೀ ಡಿಲೇ-ಜಿಟರ್ ಕೊಟ್ಟರೆ ಪ್ಯಾಕೆಟ್‌ಗಳು ಹಿಂದುಮುಂದಾಗುತ್ತವೆ, ನಮ್ಮ 4ಜಿ ನಡೆದುಕೊಳ್ಳೋದು ಹಾಗಲ್ಲ. ಗೋದಾಮಿನ ನಿಜವಾದ ಅಂತರಗಳನ್ನೇ ರೆಕಾರ್ಡ್ ಮಾಡಿ ಮತ್ತೆ ಓಡಿಸಿ.

ನಡುವೆ, ಧ್ವನಿಯನ್ನು ಕುಗ್ಗಿಸಿ ಕಳಿಸುವ ಕೋಡೆಕ್ ಓಪಸ್‌ನ ಎಫ್‌ಇಸಿಯನ್ನೂ (ಕಳೆದದ್ದನ್ನು ತುಂಬಿಕೊಳ್ಳುವ ವ್ಯವಸ್ಥೆ) ಪ್ರಯೋಗಿಸಿದೆ. ಕಳೆದುಹೋದ ಪ್ಯಾಕೆಟ್‌ನ ನಕಲು ಮುಂದಿನದರಲ್ಲಿರುತ್ತೆ, ಆದರೆ ಆ ಮುಂದಿನದು ಬಫರಿನಲ್ಲಿ ಬಂದು ಕೂತಿರಬೇಕು. ಲಾಸ್ ಕಂಡಾಗ ಮಾತ್ರ ಇನ್ನೊಂದು 20 ಮಿಲಿಸೆಕೆಂಡ್ ಕಾಯುವಂತೆ ಮಾಡಿದೆ, ಚೆನ್ನಾಗಿ ಕೆಲಸ ಮಾಡ್ತಿದೆ.

ಇನ್ನೊಂದು ಲಾಭ ಆಮೇಲೆ ಕಣ್ಣಿಗೆ ಬಿತ್ತು. ಎರಡು ಫೋನಿನ ಆಡಿಯೋ ಕ್ಲಾಕ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ಹೆಚ್ಚುಕಮ್ಮಿ ಇದ್ದರೂ ಗಂಟೆಗೆ 180 ಮಿಲಿಸೆಕೆಂಡ್ ಜಾರುತ್ತೆ. ಫಿಕ್ಸೆಡ್‌ನಲ್ಲಿ ಉದ್ದದ ಕಾಲ್ ಕೊನೆಗೆ ಬಿಕ್ಕಳಿಸುತ್ತಿದ್ದದ್ದು ಇದಕ್ಕೇ. ಈಗ ಆ ಜಾರಿಕೆಯನ್ನೂ ಬಫರೇ ಮೌನದಲ್ಲಿ ಸರಿದೂಗಿಸುತ್ತೆ, ಅದಕ್ಕಂತ ಬೇರೆ ಕೋಡ್ ಬರೆದಿಲ್ಲ.