ಬೆರೆತ ಸಂಕೇತ ಬಿಡಿಸಿ ಹೃದಯದ ರಕ್ತದ ಹರಿವು ಅಳೆಯುವುದು ಹೇಗೆ?

ಹೃದಯದ ಗೋಡೆಯ ದಪ್ಪ ಸುಮಾರು ಒಂದು ಸೆಂಟಿಮೀಟರ್. ಅದು ಬಡಿಯುತ್ತಲೇ ಇರುತ್ತದೆ, ಪೆಟ್ ಸ್ಕ್ಯಾನರ್ (ದೇಹಕ್ಕೆ ಚುಚ್ಚಿದ ವಿಕಿರಣಶೀಲ ವಸ್ತು ಎಲ್ಲಿದೆ ಎಂದು ಚಿತ್ರಿಸುವ ಯಂತ್ರ) ಅಷ್ಟು ಸೂಕ್ಷ್ಮವಾಗಿ ನೋಡಲಾರದು. ಹಾಗಾಗಿ ಚಿತ್ರದ ಒಂದೇ ಚುಕ್ಕಿಯಲ್ಲಿ ರಕ್ತ, ಸ್ನಾಯು ಎರಡರ ಸಂಕೇತವೂ ಕಲಸಿಹೋಗಿರುತ್ತದೆ. ಅದನ್ನು ಬಿಡಿಸಿಕೊಡುವುದು ‘ಸ್ವತಂತ್ರ ಘಟಕ ವಿಶ್ಲೇಷಣೆ’, ಅಂದರೆ ಬೆರೆತ ಸಂಕೇತವನ್ನು ಒಂದಕ್ಕೊಂದು ಸಂಬಂಧವಿಲ್ಲದ ಭಾಗಗಳಾಗಿ (‘ಘಟಕ’ಗಳಾಗಿ) ಒಡೆಯುವ ಗಣಿತದ ವಿಧಾನ. ವಿಶ್ಲೇಷಣೆ ನಡೆಸುವುದು ಸುಲಭ. ಸಿಕ್ಕಿದ್ದನ್ನು ಓದುವಾಗಲೇ ಹೆಚ್ಚಿನವರು ಎಡವುತ್ತಾರೆ.

ಹಂತ 1: ಆಮ್ಲಜನಕ-15 ಇರುವ ನೀರು (ಅರ್ಧಾಯು ಸುಮಾರು 2 ನಿಮಿಷ) ಅಥವಾ ನೈಟ್ರೋಜನ್-13 ಅಮೋನಿಯಾ (ಸುಮಾರು 10 ನಿಮಿಷ) ಚುಚ್ಚಿ, ಮೊದಲ ಚಿತ್ರಗಳನ್ನು ಐದೈದು ಸೆಕೆಂಡಿಗೆ ತೆಗೆಯಿರಿ.

ಹಂತ 2: ರೋಗಿ ಅಲುಗಾಡಿದ್ದರೆ ಮೊದಲು ಸರಿಪಡಿಸಿ. ನಂತರ ಹೃದಯವನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿ. ಯಕೃತ್ತು ಒಳಗೆ ಉಳಿದರೆ ಅದೂ ಒಂದು ಘಟಕವಾಗಿ ಎದ್ದು ಕೂರುತ್ತದೆ.

ಹಂತ 3: ಪ್ರಧಾನ ಘಟಕ ವಿಶ್ಲೇಷಣೆಯಿಂದ (ಮುಖ್ಯ ಏರಿಳಿತಗಳನ್ನಷ್ಟೇ ಉಳಿಸಿಕೊಳ್ಳುವ ಇನ್ನೊಂದು ಗಣಿತದ ವಿಧಾನ) ದತ್ತಾಂಶವನ್ನು ಮೂರ್ನಾಲ್ಕು ಆಯಾಮಕ್ಕೆ ಇಳಿಸಿ, ಆಮೇಲೆ ಬಿಡಿಸಿ. ಸ್ವತಂತ್ರತೆಯನ್ನು ಸ್ಥಳದಲ್ಲಿ ಹುಡುಕಿ, ಕಾಲದಲ್ಲಿ ಅಲ್ಲ. ಬಲ ಹೃತ್ಕುಕ್ಷಿಯ (ಹೃದಯದ ಕೆಳಕೋಣೆಯ) ರಕ್ತವೇ ಎಡಕ್ಕೂ ಸ್ನಾಯುವಿಗೂ ಬರುವುದರಿಂದ ಕಾಲ ಕಳೆದಂತೆ ಅವುಗಳ ಸಂಕೇತದ ಏರಿಳಿತ ತೋರಿಸುವ ಗ್ರಾಫ್‌ಗಳು ಪರಸ್ಪರ ಸ್ವತಂತ್ರವಲ್ಲ.

ಹಂತ 4: ಇಲ್ಲಿ ಅವಸರ ಬೇಡ. ಘಟಕಗಳು ಯಾವ ಕ್ರಮದಲ್ಲಾದರೂ ಬರಬಹುದು, ತಲೆಕೆಳಗಾಗಿಯೂ ಬರಬಹುದು. ಶಿಖರದ ಬದಲು ಕಣಿವೆ ಕಂಡರೆ ಚಿಹ್ನೆ ಬದಲಿಸಿ. ಮೊದಲು ಏರುವುದು ಬಲ ಹೃತ್ಕುಕ್ಷಿ, ಕೆಲವು ಸೆಕೆಂಡಿನ ನಂತರ ಎಡ, ಕೊನೆಗೆ ನಿಧಾನವಾಗಿ ಸ್ನಾಯು. ಘಟಕಗಳನ್ನು ತಾನೇ ಗುರುತಿಸುವ ಗುಂಡಿ ಇರುವ ತಂತ್ರಾಂಶಗಳಿವೆ. ಗ್ರಾಫ್ ತೆರೆದು ನೋಡದೆ ಅದನ್ನು ನಂಬಲೇಬೇಡಿ.

ಇನ್ನು ಅಳತೆ. ಈ ವಿಧಾನ ಗ್ರಾಫಿನ ಆಕಾರವನ್ನು ಕೊಡುತ್ತದೆ, ಎತ್ತರವನ್ನಲ್ಲ. ಇದನ್ನು ಮರೆತು ನೇರವಾಗಿ ಲೆಕ್ಕಕ್ಕೆ ಹಾಕುವವರೇ ಹೆಚ್ಚು. ರಕ್ತದ ಗ್ರಾಫ್ ಅರ್ಧ ಎತ್ತರಕ್ಕೆ ಬಂದರೆ, ಸ್ನಾಯುವಿನೊಳಗೆ ಹೋಗುವ ದರ ದುಪ್ಪಟ್ಟಾಗಿ ಕಾಣುತ್ತದೆ. ಮೂಲ ಚಿತ್ರಕ್ಕೆ ಹಿಂತಿರುಗಿ, ಎಡ ಹೃತ್ಕುಕ್ಷಿಯ ನಡುವೆ, ಗೋಡೆಯಿಂದ ದೂರದಲ್ಲಿ ಒಂದು ಪುಟ್ಟ ವೃತ್ತ ಹಾಕಿ. ಸ್ನಾಯು ಇನ್ನೂ ತುಂಬಿಕೊಳ್ಳದ ಆರಂಭದ ಕೆಲವು ಚಿತ್ರಗಳಲ್ಲಿ ಆ ವೃತ್ತದ ಬೆಲೆಗೆ ಘಟಕ ಹೊಂದುವಂತೆ ಒಂದೇ ಗುಣಕದಿಂದ ಗುಣಿಸಿ. ಶಿಖರದ ಒಂದೇ ಬಿಂದುವನ್ನು ನೆಚ್ಚಿದರೆ ಸದ್ದೇ (ಚಿತ್ರದಲ್ಲಿನ ಆಕಸ್ಮಿಕ ಏರುಪೇರೇ) ಅಳತೆಯಾಗಿಬಿಡುತ್ತದೆ. ಸ್ನಾಯುವಿನ ಘಟಕವನ್ನು ನಾನು ಸ್ನಾಯು ಎಲ್ಲಿದೆ ಎಂದು ತೋರುವ ನಕ್ಷೆಯಾಗಿ ಮಾತ್ರ ಬಳಸುತ್ತೇನೆ. ಅಂಕಿಗಳನ್ನು ಮೂಲ ಚಿತ್ರದಿಂದಲೇ ಓದಬೇಕು.

ಹಂತ 5: ರಕ್ತ, ಸ್ನಾಯು ಎರಡರ ಗ್ರಾಫ್‌ಗಳನ್ನು ಒಂದು-ಅಂಗಾಂಶ ಮಾದರಿಗೆ (ಸ್ನಾಯುವನ್ನು ಒಂದೇ ಕೋಣೆಯೆಂದು ಭಾವಿಸಿ, ಒಳಹೋಗುವ ಹೊರಬರುವ ದರ ಲೆಕ್ಕ ಹಾಕುವ ಸೂತ್ರಕ್ಕೆ) ಕೊಡಿ. ರಕ್ತದಿಂದ ಸೋರಿಬಂದ ಪಾಲನ್ನೂ ಅದರೊಳಗೇ ಲೆಕ್ಕ ಹಾಕಿಸಿ. ವಿಶ್ರಾಂತಿಯಲ್ಲಿ ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಸುಮಾರು 1 ಮಿಲಿಲೀಟರ್ ಬರಬೇಕು. 3 ಅಥವಾ 4 ಬಂದಿದ್ದರೆ ರೋಗಿಯನ್ನು ಶಂಕಿಸುವ ಮೊದಲು ಆ ಗುಣಕವನ್ನು ಇನ್ನೊಮ್ಮೆ ಪರೀಕ್ಷಿಸಿ.