ಎಲ್ಲ ಹಳದಿ ಹಲ್ಲಿಗೂ ನೀರೇ ಕಾರಣವಲ್ಲ

ನಮ್ಮ ಪಾವಗಡದ ಕಡೆ ಹಲ್ಲು ಹಳದಿಯಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. "ಬೋರ್‌ವೆಲ್ ನೀರು, ಡಾಕ್ಟ್ರೇ" ಅಂತಾರೆ. ಬಹಳ ಸಲ ಅದು ನಿಜವೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಇಲ್ಲಿ ಅದನ್ನು ದಾಟಿದ ಬೋರ್‌ವೆಲ್‌ಗಳಿಗೆ ಬರವಿಲ್ಲ. ಹಾಗಾಗಿಯೇ ವಂಶದಿಂದ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಕೆಟ್ಟಿರುವ ಮಕ್ಕಳು ಈ ಗುಂಪಿನಲ್ಲಿ ಗೊತ್ತೇ ಆಗುವುದಿಲ್ಲ. ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ ಅಂತ ಅದರ ಹೆಸರು.

ಎಂಟು ವರ್ಷದ ಹುಡುಗಿಯೊಬ್ಬಳನ್ನು ಅಜ್ಜಿ ಕರೆತಂದಿದ್ದರು. ತಣ್ಣೀರು ತಾಕಿದರೆ ಜುಂ ಅನ್ನುತ್ತಿತ್ತಂತೆ. ಆ ವಯಸ್ಸಿನ ಒಂದು ಅನುಕೂಲವೆಂದರೆ ಹಾಲುಹಲ್ಲು, ಪರ್ಮನೆಂಟ್ ಹಲ್ಲು ಎರಡೂ ಬಾಯಲ್ಲಿರುತ್ತವೆ. ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು ಕೆಡುವುದು, ಸಾಮಾನ್ಯವಾಗಿ ಹಾಲುಹಲ್ಲಿನ ತಂಟೆಗೆ ಜಾಸ್ತಿ ಹೋಗುವುದಿಲ್ಲ. ಇವಳ ಹಾಲಿನ ದವಡೆಹಲ್ಲುಗಳೂ ಸವೆದು ಚಪ್ಪಟೆಯಾಗಿದ್ದವು. ಹಲ್ಲುಗಳ ನಡುವೆ ಸಂದು ಬೇರೆ. ಗಾಳಿ ಊದಿ ಒಣಗಿಸಿ ನೋಡಿದೆ. ಫ್ಲೋರೋಸಿಸ್‌ನಲ್ಲಿ ಕಾಣುವ ಸುಣ್ಣದಂಥ ಬಿಳಿ ಅಡ್ಡಗೆರೆಗಳು ಎಲ್ಲೂ ಇರಲಿಲ್ಲ.

ಗಟ್ಟಿ ಸಾಕ್ಷಿ ಸಿಕ್ಕಿದ್ದು ಎಕ್ಸ್‌-ರೇಯಲ್ಲಿ. ಒಳ್ಳೆಯ ಹಲ್ಲಿನ ತುದಿಗೆ ಎನಾಮಲ್ ಬೆಳ್ಳಗೆ, ದಪ್ಪಗೆ ಕಾಣುತ್ತದೆ. ಇವಳ ದವಡೆಯೊಳಗೆ ಇನ್ನೂ ಹೊರಬರದೆ ಕೂತಿದ್ದ ಹಲ್ಲುಗಳಲ್ಲೂ ಅದು ಕೂದಲೆಳೆಯಷ್ಟೇ ಇತ್ತು. ಮೂಳೆಯೊಳಗಿರುವ ಹಲ್ಲು ಸವೆಯೋದು ಹೇಗೆ, ಅಲ್ವಾ? ನರ ಇರುವ ಜಾಗ ತೆರೆದೇ ಇತ್ತು. ಅದು ಮುಚ್ಚಿಹೋಗಿ, ಹಲ್ಲಿನ ಕತ್ತು ಕಿರಿದಾಗಿದ್ದರೆ ನನ್ನ ಅನುಮಾನ ಎನಾಮಲ್ ಒಳಗಿನ ಪದರವಾದ ಡೆಂಟಿನ್ ಮೇಲೆ ಹೋಗುತ್ತಿತ್ತು. ಡೆಂಟಿನ್ ದೋಷದ ಜೊತೆ ಮೂಳೆಯ ಕಾಯಿಲೆಯೂ ಇರಬಹುದು, ಹಾಗಾಗಿ ಆಗ ಪದೇ ಪದೇ ಮೂಳೆ ಮುರಿದಿದೆಯಾ ಅಂತ ಕೇಳಿ, ಕಣ್ಣಿನ ಬಿಳಿಭಾಗ ನೀಲಿಯಾಗಿದೆಯಾ ಅಂತಲೂ ನೋಡುತ್ತೇನೆ.

"ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ?" ಅನ್ನುವ ಪುಸ್ತಕದ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬಾರದು. ಊರಿಗೆ ಊರೇ ಹಳದಿ. ಅದೇ ನೀರು ಕುಡಿದ ಪಕ್ಕದ ಮನೆ ಮಕ್ಕಳ ಹಲ್ಲು ಹೀಗೆ ಸವೆದಿದೆಯಾ ಅಂತ ಕೇಳುತ್ತೇನೆ. ಆಮೇಲೆ ಅಪ್ಪ ಅಮ್ಮನದು ಸಂಬಂಧದಲ್ಲೇ ಆದ ಮದುವೆಯಾ ಅಂತ.

"ನನ್ ತಮ್ಮನಿಗೇ ಮಗಳನ್ನ ಕೊಟ್ಟಿದ್ದು ಸಾರ್" ಅಂದರು ಅಜ್ಜಿ. ಅಪ್ಪ ಅಮ್ಮನ ಹಲ್ಲಿಗೆ ಕಲೆ ಇದ್ದರೂ ಗಟ್ಟಿಯಾಗಿದ್ದವು. ಮೂರು ವರ್ಷದ ತಮ್ಮನದು ಮಾತ್ರ ಅಕ್ಕನ ಹಲ್ಲಿನ ಹಾಗೇ. ಇಬ್ಬರಿಂದಲೂ ಕೆಟ್ಟ ಜೀನ್ ಬಂದರಷ್ಟೇ ಕಾಣಿಸಿಕೊಳ್ಳುವ ಬಗೆ ಇದು ಅಂತ ಅನ್ನಿಸಿತು.

ತೆಳು ಎನಾಮಲ್ ಜೊತೆಗೆ ವಸಡು ದಪ್ಪವಾಗಿ, ಹಲ್ಲು ಹೊತ್ತಿಗೆ ಸರಿಯಾಗಿ ಬರದಿದ್ದರೆ ಕಿಡ್ನಿ ಸ್ಕ್ಯಾನ್ ಮಾಡಿಸಲೇಬೇಕು. ಈ ಗುಂಪಿನ ಒಂದು ಅಪರೂಪದ ಕಾಯಿಲೆಯಲ್ಲಿ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ. ಇವಳ ವಸಡು ಕೊಂಚ ಊದಿದಂತಿತ್ತು, ಮಾಡಿಸಿದೆ. ಏನೂ ಇರಲಿಲ್ಲ.

ದವಡೆಹಲ್ಲುಗಳಿಗೆ ಸ್ಟೀಲ್ ಕ್ಯಾಪ್ ಹಾಕಿದೆ. ತಮ್ಮನಿಗೆ ಆರು ವರ್ಷದ ಹೊತ್ತಿಗೆ ಹಿಂದೆ ಹೊಸ ದವಡೆಹಲ್ಲು ಬರುತ್ತದೆ, ಕಂಡ ಕೂಡಲೇ ಕರೆದುಕೊಂಡು ಬನ್ನಿ ಅಂತ ಅಜ್ಜಿಗೆ ಹೇಳಿ ಕಳಿಸಿದ್ದೇನೆ.